ಕುರ್ಚಿ ಕೊಟ್ಟಾರ, ಚಾವಿ?

2022ರ ಅಕ್ಟೋಬರ್ 19ರ ಮಧ್ಯಾಹ್ನ ಕಲಬುರಗಿಯ ಜಗತ್ ವೃತ್ತದ ಕಡೆ ಪಟಾಕಿ ಸದ್ದು. ದೀಪಾವಳಿಗೆ ಇನ್ನೂ ನಾಲ್ಕೈದು ದಿನ ಇತ್ತು. ಮಲ್ಲಿಕಾರ್ಜುನ ಖರ್ಗೆ ಎಐಸಿಸಿ ಅಧ್ಯಕ್ಷರಾಗಿ, ಅಂದರೆ ಕಾಂಗ್ರೆಸ್ ಪಕ್ಷದ ರಾಷ್ಟ್ರಾಧ್ಯಕ್ಷರಾಗಿ, ಆಯ್ಕೆಯಾದ ಸುದ್ದಿ ಆಗಷ್ಟೇ ಬಂದಿತ್ತು. ನಾನು ಚಹಾ ಕುಡಿಯುತ್ತಿದ್ದ ಅಂಗಡಿಯಲ್ಲಿ ಒಬ್ಬ ಹುಡುಗ ಹೆಗಲ ಮೇಲೆ ಬಾವುಟ ಹಾಕಿಕೊಂಡು ಎಲ್ಲರ ಕೈಗೂ ಪೇಡೆ ಇಡುತ್ತಿದ್ದ. ಮೂಲೆಯ ಬೆಂಚಿನಲ್ಲಿ ಕೂತಿದ್ದ ಕಾಕಾ ಒಬ್ಬರು, ಎಂಎಸ್‌ಕೆ ಮಿಲ್ಲು ಮುಚ್ಚುವ ತನಕ ಅಲ್ಲಿ ದುಡಿದವರು, ಪೇಡೆ ಬಾಯಿಗೆ ಹಾಕಿಕೊಂಡೇ ಕೇಳಿದರು: 'ಕುರ್ಚಿ ಕೊಟ್ಟಾರ, ಚಲೋ ಆತು. ಚಾವಿ ಕೊಟ್ಟಾರೇನು?'

'ಕಾಕಾ, ಇವತ್ತರೆ ಸುಮ್ಮ ಕೂಡ್ರಿ' ಅಂದ ಹುಡುಗ.

ಮುಂದಿನ ಎರಡು-ಮೂರು ವರ್ಷ ದಿಲ್ಲಿಯ ಟಿವಿ ಚರ್ಚೆಗಳಲ್ಲಿ ರಿಮೋಟ್ ಕಂಟ್ರೋಲ್, ಕೈಗೊಂಬೆ ಎಂದೆಲ್ಲ ಕೇಳಿಬಂದಿದ್ದು ಕಾಕಾನ ಇದೇ ಪ್ರಶ್ನೆ. ವಿರೋಧ ಪಕ್ಷದವರು ಕೇಳಿದ್ದರೆ ಟೀಕೆ ಅಂತ ಬಿಡಬಹುದಿತ್ತು. ಕಾಕಾ ಕೇಳಿದ್ದಕ್ಕೆ ಬೇರೆ ಕಾರಣ ಇತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಲೆಕ್ಕ. ಚಲಾವಣೆಯಾದ 9,385 ಮತಗಳಲ್ಲಿ ಖರ್ಗೆಯವರಿಗೆ 7,897, ಶಶಿ ತರೂರ್‌ಗೆ 1,072. ತಿರಸ್ಕೃತವಾದವು 416. ಸೀತಾರಾಮ ಕೇಸರಿ 1998ರಲ್ಲಿ ಇಳಿದ ಮೇಲೆ 24 ವರ್ಷಕ್ಕೆ ನೆಹರೂ-ಗಾಂಧಿ ಮನೆತನದ ಹೊರಗಿನವರೊಬ್ಬರು ಆ ಸ್ಥಾನಕ್ಕೆ ಬಂದರು. ದಲಿತ ನಾಯಕರೊಬ್ಬರು ಬಂದಿದ್ದು ಜಗಜೀವನ್ ರಾಮ್ ನಂತರ, ಅಂದರೆ ಅರ್ಧ ಶತಮಾನದ ಬಳಿಕ. ಇಷ್ಟು ದೊಡ್ಡ ಅಂತರದ ಗೆಲುವೇ ಅನುಮಾನಕ್ಕೂ ಎಡೆಯಾಯಿತು. ಅಶೋಕ್ ಗೆಹ್ಲೋಟ್ ಅಧ್ಯಕ್ಷರಾಗುತ್ತಾರೆ ಎಂದು ನಡೆದಿದ್ದ ಲೆಕ್ಕಾಚಾರ ಸೆಪ್ಟೆಂಬರ್ ಕೊನೆಗೆ ಜೈಪುರದಲ್ಲಿ ಕೆಟ್ಟಿತು; ಅವರ ಬೆಂಬಲಿಗ ಶಾಸಕರು ಶಾಸಕಾಂಗ ಪಕ್ಷದ ಸಭೆಗೇ ಬರಲಿಲ್ಲ. ಆ ಸಭೆಗೆ ವೀಕ್ಷಕರಾಗಿ ಹೋಗಿ ಬರಿಗೈಲಿ ಮರಳಿದ್ದ ಇಬ್ಬರಲ್ಲಿ ಒಬ್ಬರು ಖರ್ಗೆ. ವಾರದೊಳಗೆ ಅವರೇ ಅಭ್ಯರ್ಥಿ! ದಿಗ್ವಿಜಯ್ ಸಿಂಗ್ ಹಿಂದೆ ಸರಿದರು. ಅಧಿಕೃತ ಅಭ್ಯರ್ಥಿ ಯಾರೂ ಇಲ್ಲ ಎಂದು ಪಕ್ಷ ಹೇಳುತ್ತಲೇ ಇತ್ತು, ನಂಬಿದವರು ಕಡಿಮೆ.

ಈ ಅನುಮಾನ ಖರ್ಗೆಯವರೊಂದಿಗೆ ಹುಟ್ಟಿದ್ದಲ್ಲ. ಅಧ್ಯಕ್ಷರ ಸಹಿ ಅಧ್ಯಕ್ಷರದ್ದೇನಾ ಎನ್ನುವ ಜಗಳ ಆ ಪಕ್ಷದಲ್ಲಿ ಸ್ವಾತಂತ್ರ್ಯಕ್ಕಿಂತ ಹಳೆಯದು. 1939ರ ಜನವರಿಯಲ್ಲಿ ಸುಭಾಷ್ ಚಂದ್ರ ಬೋಸರು ಗಾಂಧೀಜಿ ಬೆಂಬಲಿಸಿದ್ದ ಪಟ್ಟಾಭಿ ಸೀತಾರಾಮಯ್ಯನವರನ್ನು 1,580–1,377 ಮತಗಳಿಂದ ಸೋಲಿಸಿದರು. ಗೆದ್ದ ಅಧ್ಯಕ್ಷರು ತಮ್ಮ ಕಾರ್ಯಕಾರಿ ಸಮಿತಿಯನ್ನು ತಾವೇ ಕಟ್ಟಬೇಕಲ್ಲ? ಅದಕ್ಕೇ ಅಡ್ಡಿ ಬಂತು. ಮಾರ್ಚ್‌ನ ತ್ರಿಪುರಿ ಅಧಿವೇಶನ, ಸಮಿತಿಯನ್ನು ಗಾಂಧೀಜಿಯ ಇಚ್ಛೆಯಂತೆ ರಚಿಸಬೇಕು ಎಂದು ನಿರ್ಣಯ ಮಾಡಿತು. ಏಪ್ರಿಲ್ ಕೊನೆಗೆ ಬೋಸರು ರಾಜೀನಾಮೆ ಕೊಟ್ಟರು. ಸರ್ಕಾರ ತನ್ನನ್ನು ಕೇಳುವುದೇ ಇಲ್ಲ ಎಂದು ಆಗಿನ ಅಧ್ಯಕ್ಷ ಕೃಪಲಾನಿ 1947ರಲ್ಲಿ ಆ ಸ್ಥಾನ ಬಿಟ್ಟು ಹೊರಬಂದರು. 1950ರಲ್ಲಿ ಗೆದ್ದ ಪುರುಷೋತ್ತಮ ದಾಸ್ ಟಂಡನ್‌ಗೂ ನೆಹರೂಗೂ ಕಾರ್ಯಕಾರಿ ಸಮಿತಿ ವಿಚಾರದಲ್ಲೇ ಹತ್ತಿಕೊಂಡು, ಮರುವರ್ಷ ಟಂಡನ್ ಇಳಿದರು. ಆ ಕುರ್ಚಿಯಲ್ಲಿ ನೆಹರೂ ಅವರೇ ಕೂತರು.

ಕನ್ನಡದವರಿಗೆ ಇದರಲ್ಲಿ ಹತ್ತಿರದ ಅಧ್ಯಾಯ ನಿಜಲಿಂಗಪ್ಪನವರದು. ಖರ್ಗೆಗಿಂತ ಮೊದಲು ರಾಷ್ಟ್ರಾಧ್ಯಕ್ಷರಾಗಿದ್ದ ಕರ್ನಾಟಕದ ನಾಯಕರು ಅವರು. 1968ರಲ್ಲಿ ಅಧ್ಯಕ್ಷಗಿರಿ ವಹಿಸಿಕೊಂಡು ಮುಖ್ಯಮಂತ್ರಿ ಸ್ಥಾನ ಬಿಟ್ಟಾಗ ಅದು ಸಂದಿದ್ದು ನಮ್ಮ ಚಿಂಚೋಳಿಯ ವೀರೇಂದ್ರ ಪಾಟೀಲರಿಗೆ. ಎರಡೂ ಬಣಕ್ಕೆ ಸಲ್ಲುವ ಮೆತ್ತನೆಯ ಮನುಷ್ಯ ಎಂದೇ ನಿಜಲಿಂಗಪ್ಪನವರನ್ನು ಆರಿಸಿದ್ದರು. 1969ರ ಜುಲೈನಲ್ಲಿ ಬೆಂಗಳೂರು ಲಾಲ್‌ಬಾಗ್ ಗಾಜಿನಮನೆಯಲ್ಲಿ ಎಐಸಿಸಿ ಸೇರಿತು. ಅದೇ ಸಮಯದಲ್ಲಿ ರಾಷ್ಟ್ರಪತಿ ಚುನಾವಣೆಗೆ ಇಂದಿರಾ ಗಾಂಧಿಗೆ ಮನಸ್ಸಿಲ್ಲದಿದ್ದರೂ ನೀಲಂ ಸಂಜೀವ ರೆಡ್ಡಿ ಹೆಸರು ತೀರ್ಮಾನವಾಯಿತು. ಇಂದಿರಾ ಸುಮ್ಮನಿರಲಿಲ್ಲ, ಜುಲೈ 19ಕ್ಕೆ 14 ಬ್ಯಾಂಕುಗಳ ರಾಷ್ಟ್ರೀಕರಣ, ಆಗಸ್ಟ್‌ನಲ್ಲಿ ಅಧಿಕೃತ ಅಭ್ಯರ್ಥಿಗೆ ಸೋಲು, ವಿ.ವಿ. ಗಿರಿಗೆ ಗೆಲುವು. ನವೆಂಬರ್ 12ರಂದು ನಿಜಲಿಂಗಪ್ಪನವರು ಪ್ರಧಾನಿಯನ್ನೇ ಪಕ್ಷದಿಂದ ಉಚ್ಚಾಟಿಸಿದರು. ಬರಹದಲ್ಲಿ ಅಧ್ಯಕ್ಷರ ಅಧಿಕಾರ ಅಷ್ಟು ದೊಡ್ಡದಿತ್ತು. ಆದರೆ ಪಕ್ಷ ಒಡೆದಾಗ ಸಂಸದರಲ್ಲಿ ಹೆಚ್ಚಿನವರು ಉಚ್ಚಾಟಿತರ ಹಿಂದೆಯೇ ಹೋದರು. ನಿಜಲಿಂಗಪ್ಪನವರ ಹತ್ತಿರ ಚಾವಿ ಉಳಿಯಿತು, ಮನೆ ಉಳಿಯಲಿಲ್ಲ.

ಅದೇ 1969ರಲ್ಲಿ ಎಂಎಸ್‌ಕೆ ಮಿಲ್ಲಿನ ಕಾರ್ಮಿಕ ಸಂಘಕ್ಕೆ ಕಾನೂನು ಸಲಹೆ ಕೊಡುತ್ತಿದ್ದ ಯುವ ವಕೀಲರೊಬ್ಬರು ಕಾಂಗ್ರೆಸ್ ಸೇರಿ ಗುಲ್ಬರ್ಗಾ ನಗರ ಘಟಕದ ಅಧ್ಯಕ್ಷರಾದರು. ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಖರ್ಗೆ. ಪಕ್ಷದ ಅಧ್ಯಕ್ಷ ಗೆಲ್ಲುತ್ತಾನೋ ಮನೆತನ ಗೆಲ್ಲುತ್ತದೋ ಎಂದು ಇಡೀ ದೇಶ ನೋಡುತ್ತಿದ್ದ ವರ್ಷವೇ ಅವರ ರಾಜಕೀಯದ ಮೊದಲ ಪಾಠವೂ ಆಗಿತ್ತು. 1972ರಲ್ಲಿ ಗುರುಮಠಕಲ್‌ನಿಂದ ಗೆದ್ದರು. ಅಲ್ಲಿಂದ 2014ರ ತನಕ ಒಂಬತ್ತು ವಿಧಾನಸಭೆ, ಎರಡು ಲೋಕಸಭೆ ಚುನಾವಣೆ ಸೋಲದೆ ಗೆದ್ದರು. ಆ ಪಾಠ ಮರೆತವರ ದಾರಿ ಅದಲ್ಲ ಅಂತ ನನಗೆ ಅನ್ನಿಸುತ್ತದೆ.

ಕೇಸರಿಯವರದು ಇನ್ನೊಂದು ಪಾಠ. 1996ರಲ್ಲಿ ಅಧ್ಯಕ್ಷರಾದ ಅವರು ಮರುವರ್ಷ ಮಾರ್ಚ್ 30ರಂದು ದೇವೇಗೌಡರ ಸರ್ಕಾರಕ್ಕೆ ಕೊಟ್ಟಿದ್ದ ಬೆಂಬಲ ಹಿಂತೆಗೆದುಕೊಂಡರು. ಕನ್ನಡಿಗರೊಬ್ಬರು ಪ್ರಧಾನಿಯಾಗಿ ವರ್ಷವೂ ತುಂಬಿರಲಿಲ್ಲ. ಆ ವರ್ಷದ ಸಂಘಟನಾ ಚುನಾವಣೆಯಲ್ಲಿ ಶರದ್ ಪವಾರ್ ಮತ್ತು ರಾಜೇಶ್ ಪೈಲಟ್ ಇಬ್ಬರನ್ನೂ ಭಾರಿ ಅಂತರದಲ್ಲಿ ಸೋಲಿಸಿದರೂ 1998ರ ಮಾರ್ಚ್‌ನಲ್ಲಿ ಅವರನ್ನು ಕಾರ್ಯಕಾರಿ ಸಮಿತಿಯೇ ಇಳಿಸಿತು. ಸಾವಿರಾರು ಪ್ರತಿನಿಧಿಗಳ ಮತ ಒಂದು ಸಭೆಯ ಮುಂದೆ ನಿಲ್ಲಲಿಲ್ಲ.

ಈಗ ಹೊಸ ಅಧ್ಯಕ್ಷರ ಮೊದಲ ತೀರ್ಮಾನಗಳಿಗೆ ಬರೋಣ. ಅಕ್ಟೋಬರ್ 26ಕ್ಕೆ ಅಧಿಕಾರ ಸ್ವೀಕಾರ. ವಾಡಿಕೆಯಂತೆ ಅವತ್ತೇ ಕಾರ್ಯಕಾರಿ ಸಮಿತಿ ಸದಸ್ಯರು ರಾಜೀನಾಮೆ ಕೊಟ್ಟರು, ಸಂಜೆಯೊಳಗೆ ಅದರ ಬದಲಿಗೆ 47 ಜನರ ಸಂಚಾಲನ ಸಮಿತಿ ಬಂತು. ಸೋನಿಯಾ, ರಾಹುಲ್, ಮನಮೋಹನ್ ಸಿಂಗ್ ಸೇರಿ ಹೆಚ್ಚುಕಡಿಮೆ ಹಳೆಯ ಮುಖಗಳೇ. ಸಾವಿರ ಮತ ಪಡೆದ ತರೂರ್ ಹೆಸರಿರಲಿಲ್ಲ. ಬದಲಾವಣೆ ಎಂದು ಕಾದವರಿಗೆ ಮೊದಲ ನಿರಾಸೆ ಅದು. ಆದರೆ ಹಿಮಾಚಲ, ಗುಜರಾತ್ ಚುನಾವಣೆ ಎದುರಿಗಿತ್ತು. ಬಂದ ದಿನವೇ ಮನೆಯ ಸಾಮಾನೆಲ್ಲ ಅಂಗಳಕ್ಕೆ ಹಾಕುವವರು ಯಾರು? ಹಿಮಾಚಲದಲ್ಲಿ 68ಕ್ಕೆ 40 ಬಂತು, ಗುಜರಾತಿನಲ್ಲಿ 182ಕ್ಕೆ 17. ಒಂದನ್ನು ಅಧ್ಯಕ್ಷರ ಲೆಕ್ಕಕ್ಕೆ ಹಾಕಿ ಇನ್ನೊಂದನ್ನು ಬಿಡುವ ಆಟ ಎರಡೂ ಕಡೆಯವರು ಆಡಿದರು.

ಎರಡನೆಯದು ಒಬ್ಬರಿಗೆ ಒಂದೇ ಹುದ್ದೆ. 2022ರ ಮೇನಲ್ಲಿ ಉದಯಪುರದ ಚಿಂತನ ಶಿಬಿರ ಮಾಡಿದ್ದ ನಿಯಮ. ನಾಮಪತ್ರ ಹಾಕಿದ ಕೂಡಲೇ ಖರ್ಗೆ ರಾಜ್ಯಸಭೆಯ ವಿರೋಧ ಪಕ್ಷದ ನಾಯಕನ ಸ್ಥಾನಕ್ಕೆ ರಾಜೀನಾಮೆ ಪತ್ರ ಕಳಿಸಿದರು. ಕಲಬುರಗಿಯಲ್ಲಿ ಅದಕ್ಕೆ ಒಳ್ಳೆ ಮಾತು ಬಂತು. ಡಿಸೆಂಬರ್ ಅಧಿವೇಶನ ಬಂದಾಗ ನೋಡಿದರೆ ನಾಯಕರು ಅವರೇ! ಅನುಭವಿಗಳು ಬೇಕು, ಪರ್ಯಾಯ ಇಲ್ಲ ಎಂದು ಬೆಂಬಲಿಗರು ಹೇಳಿದರು. ಇರಬಹುದು. ನಿಯಮ ಮೊದಲು ಮುರಿದಿದ್ದು ಮೇಲಿನ ಮನೆಯಲ್ಲೇ ಆದರೆ ತಾಲ್ಲೂಕು ಘಟಕದಲ್ಲಿ ಯಾರಿಗೆ ಹೇಳುವುದು?

ನನ್ನ ಪ್ರಕಾರ ನಿಜಕ್ಕೂ ಪ್ರಶ್ನಿಸಬೇಕಾದ ತೀರ್ಮಾನ ಮೂರನೆಯದು. 2023ರ ಫೆಬ್ರವರಿ, ರಾಯಪುರ ಮಹಾಧಿವೇಶನ. ಕಾರ್ಯಕಾರಿ ಸಮಿತಿಗೆ ಚುನಾವಣೆ ನಡೆಸಬೇಕೋ ಬೇಡವೋ ಎಂದು ಸಂಚಾಲನ ಸಮಿತಿ ಕೂತಿತು. ಗಾಂಧಿ ಕುಟುಂಬದವರು ಆ ಸಭೆಗೆ ಬರಲಿಲ್ಲ. ಅಂದರೆ ಅವತ್ತಿನ ಮಟ್ಟಿಗಾದರೂ ಚಾವಿ ಮೇಜಿನ ಮೇಲಿತ್ತು. ಸಭೆ ಒಮ್ಮತದಿಂದ ಚುನಾವಣೆ ಬೇಡ, ಅಧ್ಯಕ್ಷರೇ ನೇಮಿಸಲಿ ಎಂದಿತು. ಇದಕ್ಕೊಂದು ಹಿಂದಿನ ಕಥೆ ಇದೆ: 1992ರಲ್ಲಿ ತಿರುಪತಿಯಲ್ಲಿ ಚುನಾವಣೆ ನಡೆದಾಗ ದಲಿತರು, ಮಹಿಳೆಯರು ಗೆಲ್ಲಲಿಲ್ಲ, ಅದನ್ನೇ ಮುಂದಿಟ್ಟು ನರಸಿಂಹರಾವ್ ಗೆದ್ದವರಿಂದ ರಾಜೀನಾಮೆ ಕೊಡಿಸಿ ತಾವೇ ನೇಮಕ ಮಾಡಿದರು. 1997ರ ನಂತರ ಆ ಸಮಿತಿಗೆ ಮತದಾನವೇ ಆಗಿಲ್ಲ. ರಾಯಪುರದಲ್ಲಿ ಸಮಿತಿಯ ಅರ್ಧದಷ್ಟು ಸ್ಥಾನಗಳನ್ನು ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರು, ಮಹಿಳೆಯರು, ಯುವಕರಿಗೆ ಮೀಸಲಿಡುವ ತಿದ್ದುಪಡಿಯೂ ಆಯಿತು, ಅದನ್ನು ಸಣ್ಣದೆಂದು ನಾನು ಹೇಳಲಾರೆ. ಆದರೆ ಮತ ಕೇಳಿ ಗೆದ್ದ ಅಧ್ಯಕ್ಷರು ಉಳಿದವರು ಮತ ಕೇಳುವುದು ಬೇಡ ಎಂದಾಗ ಅವರ 7,897 ಮತಗಳ ತೂಕವೂ ಒಂದಿಷ್ಟು ಇಳಿಯಿತು. ಆಗಸ್ಟ್ 20ಕ್ಕೆ ಬಂದ 39 ಸದಸ್ಯರ ಪಟ್ಟಿಯಲ್ಲಿ ತರೂರ್ ಇದ್ದರು, ಸಚಿನ್ ಪೈಲಟ್ ಇದ್ದರು. ಉದಯಪುರದ ಮಾತಿನಂತೆ ಅರ್ಧ ಜನ ಐವತ್ತರ ಒಳಗಿನವರಿರಬೇಕಿತ್ತು. ಬೆರಳೆಣಿಕೆಯಷ್ಟೂ ಇರಲಿಲ್ಲ ಅನ್ನಿ.

ಒಂದು ಮಾತು ಒಪ್ಪಲೇಬೇಕು. ಗಾಂಧಿ ಕುಟುಂಬದ ಸಲಹೆ ಕೇಳುವುದರಲ್ಲಿ ನಾಚಿಕೆ ಏನಿದೆ ಎಂದು ಖರ್ಗೆ ಚುನಾವಣೆ ಪ್ರಚಾರದಲ್ಲೇ ಹೇಳಿದ್ದರು. ಬಚ್ಚಿಟ್ಟು ಮಾಡಿದ್ದಲ್ಲ. ನಂಬಿಕೆಯ ಪ್ರಶ್ನೆ ಬಂದಾಗ ಇದನ್ನು ಯಾವ ಕಡೆ ಬರೆದುಕೊಳ್ಳಬೇಕು?

ಕಲಬುರಗಿ, ಯಾದಗಿರಿ ಕಡೆ ನಂಬಿಕೆಯ ಲೆಕ್ಕ ದಿಲ್ಲಿಯ ಹಾಗೆ ನಡೆಯುವುದಿಲ್ಲ. ಇಲ್ಲಿ ಕೇಳುವುದು ಕೆಲಸ ಆತೇನು ಅಂತ. 1976ರಲ್ಲಿ ಖರ್ಗೆ ಪ್ರಾಥಮಿಕ ಶಿಕ್ಷಣದ ರಾಜ್ಯ ಸಚಿವರಾದ ಹೊಸತರಲ್ಲೇ ಪರಿಶಿಷ್ಟ ಜಾತಿ, ಪಂಗಡಗಳ ಸಾವಿರಾರು ಬ್ಯಾಕ್‌ಲಾಗ್ ಶಿಕ್ಷಕ ಹುದ್ದೆ ತುಂಬಿಸಿದ್ದನ್ನು ಇವತ್ತಿಗೂ ಹೇಳುವ ಮನೆಗಳಿವೆ. ಆ ನೇಮಕಾತಿಯಲ್ಲಿ ಮಾಸ್ತರರಾದವರ ಮೊಮ್ಮಕ್ಕಳು ಈಗ ಬೆಂಗಳೂರಿನ ಕಂಪನಿಗಳಲ್ಲಿದ್ದಾರೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ, ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ 371ಜೆ ಕಲಂಗೆ ಧರ್ಮಸಿಂಗ್ ಜತೆ ಅವರ ಹೆಸರು ಸೇರಿಸಿಯೇ ಹೇಳುತ್ತಾರೆ. ಇಎಸ್‌ಐ ಆಸ್ಪತ್ರೆಯ ಬೃಹತ್ ಕಟ್ಟಡ ಸೇಡಂ ರಸ್ತೆಯಲ್ಲಿ ಹೋಗುವ ಯಾರ ಕಣ್ಣಿಗೂ ಬೀಳುತ್ತದೆ. ಅಷ್ಟಿದ್ದೂ 2019ರಲ್ಲಿ ಇದೇ ಜನ 'ಸೋಲಿಲ್ಲದ ಸರದಾರ'ನನ್ನು ಸುಮಾರು 95 ಸಾವಿರ ಮತಗಳಿಂದ ಸೋಲಿಸಿದರು, ಅದೂ ಅದೇ ಪಕ್ಷ ಬಿಟ್ಟುಹೋದ ಚಿಂಚೋಳಿ ಶಾಸಕ ಉಮೇಶ್ ಜಾಧವ್ ಕೈಯಲ್ಲಿ. ಮಗ ಮಂತ್ರಿ, 2024ರಲ್ಲಿ ಅಳಿಯ ಸಂಸದ. ಕುಟುಂಬದ ಮಾತು ದಿಲ್ಲಿಯಲ್ಲಷ್ಟೇ ಕೇಳಬೇಕೇ ಎನ್ನುವವರೂ ಇದೇ ಊರಲ್ಲಿದ್ದಾರೆ. 2022ರ ಆ ಪೇಡೆ ಹಂಚಿದ ತಿಂಗಳು ಮುಗಿಯುತ್ತಿದ್ದಂತೆ ತೊಗರಿಗೆ ನೆಟೆ ರೋಗ ಬಂತು. ಹೂ, ಕಾಯಿ ಹಿಡಿದ ಗಿಡ ನಿಂತಲ್ಲೇ ಒಣಗಿತು. ಆಳಂದ ಕಡೆಯ ಹೊಲಗಳಲ್ಲಿ ರಾಷ್ಟ್ರಾಧ್ಯಕ್ಷರು ಯಾರು ಎನ್ನುವ ಮಾತೇ ಇರಲಿಲ್ಲ.

ಇನ್ನು ಕಾಕಾನ ಕಾರಣ. ಅವರು ವೀರೇಂದ್ರ ಪಾಟೀಲರ ಅಭಿಮಾನಿ. 1989ರಲ್ಲಿ ಪಾಟೀಲರ ನಾಯಕತ್ವದಲ್ಲಿ ಕಾಂಗ್ರೆಸ್ಸಿಗೆ 178 ಸ್ಥಾನ ಬಂದಿದ್ದವು. ಮರುವರ್ಷ ಅವರು ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿದ್ದಾಗ, ಕೋಮುಗಲಭೆಯ ಹೊತ್ತಿನಲ್ಲಿ ಬಂದ ಅಂದಿನ ಪಕ್ಷಾಧ್ಯಕ್ಷ ರಾಜೀವ್ ಗಾಂಧಿ ವಾಪಸ್ ಹೋಗುವಾಗ ವಿಮಾನ ನಿಲ್ದಾಣದಲ್ಲೇ ಮುಖ್ಯಮಂತ್ರಿ ಬದಲಾವಣೆ ಘೋಷಿಸಿದರು. ಪಾಟೀಲರು ಒಪ್ಪಲಿಲ್ಲ, ಒಂದು ವಾರ ರಾಷ್ಟ್ರಪತಿ ಆಳ್ವಿಕೆ ಬಂದು, ಬಳಿಕ ಬಂಗಾರಪ್ಪ ಮುಖ್ಯಮಂತ್ರಿಯಾದರು. 1994ರಲ್ಲಿ 178 ಇದ್ದದ್ದು 34ಕ್ಕೆ ಇಳಿಯಿತು. ಕಾಕಾ ಈ ಕಥೆಯನ್ನು ವಾರಕ್ಕೊಮ್ಮೆಯಾದರೂ ಹೇಳುತ್ತಾರೆ. ಹೇಳುವಾಗ ಪ್ರತಿಸಲ ಚಹಾದ ಬಸಿ ಬದಿಗಿಟ್ಟು ಎರಡೂ ಕೈ ಬಿಡುವು ಮಾಡಿಕೊಳ್ಳುತ್ತಾರೆ.

2025ರ ಜೂನ್ 30ರಂದು ಬೆಂಗಳೂರಿನಲ್ಲಿ ಖರ್ಗೆಯವರಿಗೆ ಮುಖ್ಯಮಂತ್ರಿ ಬದಲಾವಣೆಯ ಪ್ರಶ್ನೆ ಎದುರಾಯಿತು. ಅದು ಹೈಕಮಾಂಡ್ ಕೈಯಲ್ಲಿದೆ, ಅಲ್ಲಿ ಏನು ನಡೆದಿದೆ ಎಂದು ಯಾರೂ ಹೇಳಲಾಗದು ಎನ್ನುವ ಅರ್ಥದಲ್ಲಿ ಉತ್ತರಿಸಿದರು. ಅಧ್ಯಕ್ಷರೇ ಹೈಕಮಾಂಡ್ ಅಲ್ಲದಿದ್ದರೆ ಮತ್ಯಾರು ಎಂದು ಬಿಜೆಪಿಯವರು ಗೇಲಿ ಮಾಡಿದರು. ಮರುದಿನ ಚಹಾದ ಅಂಗಡಿಯಲ್ಲಿ ಕಾಕಾನ ಮುಖ ಅರಳಿತ್ತು. 'ನಾ ಏನ್ ಹೇಳಿದ್ದೆ? ಚಾವಿ ಇಲ್ಲಂತ ಅವರೇ ಅಂದಾರ.'

ಬಾವುಟದ ಹುಡುಗ ಈಗ ಬ್ಲಾಕ್ ಸಮಿತಿಯಲ್ಲಿ ಪದಾಧಿಕಾರಿ, ಮೊದಲಿನ ಹಾಗೆ ಸಿಟ್ಟಿಗೇಳುವುದಿಲ್ಲ.

'ಕಾಕಾ, ಹಂಗಾದ್ರ ವಿಮಾನ ನಿಲ್ದಾಣದಾಗ ಚಾವಿ ಒಬ್ರ ಕೈಯಾಗೇ ಇತ್ತಲ್ರಿ. ಅದು ಚಲೋ ಇತ್ತೇನು?'

ಕಾಕಾ ಬಸಿ ಬದಿಗಿಟ್ಟರು. ಮತ್ತೆ ಎತ್ತಿಕೊಂಡರು.