ಐದು ದಿನದ ಮಾತ್ರೆ, ಗದ್ದೆಯ ಇಲಿ

“ಐದೇ ದಿನದ ಮಾತ್ರೆ, ಅದಕ್ಕೂ ನಿಮ್ಮನ್ನು ಕೇಳಬೇಕೇ ಸರ್?” ಗಂಗಾವತಿಯ ನನ್ನ ಕ್ಲಿನಿಕ್ಕಿನಲ್ಲಿ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ಕೇಳುವವರು ಹೃದಯಕ್ಕೆ ಲೋಹದ ಕವಾಟ ಹಾಕಿಸಿಕೊಂಡು, ರಕ್ತ ಹೆಪ್ಪುಗಟ್ಟದಿರಲೆಂದು ದಿನವೂ ವಾರ್ಫರಿನ್ ನುಂಗುವವರು. ವಾರ್ಫರಿನ್ ಕೆಲಸ ಕೆಟ್ಟೀತೆಂದು ಮೆಂತ್ಯೆ ಸೊಪ್ಪು ಮುಟ್ಟಲೂ ಹೆದರುವ ಇದೇ ಜನ ಹಲ್ಲು ನೋವಿಗೆ ಔಷಧ ಅಂಗಡಿಯಿಂದ ಮೆಟ್ರೋನಿಡಜೋಲ್ ಎಂಬ ಆ್ಯಂಟಿಬಯೋಟಿಕ್ ತರಲು ಹೆದರುವುದಿಲ್ಲ.

ಕಾರಟಗಿ ಕಡೆಯ ರೈತರೊಬ್ಬರಿದ್ದಾರೆ. ವರ್ಷಗಳಿಂದ ಅವರ ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆ, ಅಂದರೆ ಐಎನ್‌ಆರ್ 2.5ರಿಂದ 3.5ರ ಒಳಗೇ ಇತ್ತು. ಅಷ್ಟು ಶಿಸ್ತಿನ ಮನುಷ್ಯ. ದವಡೆ ಊದಿಕೊಂಡಾಗ ಐದು ದಿನ ಮೆಟ್ರೋನಿಡಜೋಲ್ ನುಂಗಿದರು. ಊತವೇನೋ ಇಳಿಯಿತು. ಆರನೆಯ ದಿನ ಮಲ ಡಾಂಬರಿನಂತೆ ಕಪ್ಪಾಗಿ, ತಲೆ ಸುತ್ತಿ, ಮಗನ ಹೆಗಲು ಹಿಡಿದುಕೊಂಡು ಬಂದರು. ಐಎನ್‌ಆರ್ 9 ದಾಟಿತ್ತು, ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು. ಆಸ್ಪತ್ರೆಗೆ ಸೇರಿಸಿ, ರಕ್ತ ಕೊಡಿಸಿ ಉಳಿಸಿಕೊಂಡೆವು. ಚೇತರಿಸಿಕೊಂಡ ಮೇಲೆ ನನ್ನೊಡನೆ ವಾದಕ್ಕೇ ಇಳಿದರು: “ಆ ಮಾತ್ರೆಯದೇ ತಪ್ಪಾಗಿದ್ದರೆ ಮೊದಲ ದಿನವೇ ತೋರಬೇಕಿತ್ತಲ್ಲ?”

ಎಲ್ಲರೂ ಎಡವುವುದು ಇಲ್ಲಿಯೇ. ನಾನು ಕೇಳಿದೆ: “ಭತ್ತದ ಗದ್ದೆಯಲ್ಲಿ ಬ್ರೋಮಡಿಯೊಲೋನ್ ಇಟ್ಟರೆ ಇಲಿ ಅಂದೇ ಸಾಯುತ್ತದೆಯೇ?” “ಎಲ್ಲಿ ಸರ್, ನಾಲ್ಕೈದು ದಿನ ಬೇಕು.” ಅದೂ ವಾರ್ಫರಿನ್ ಕುಲದ್ದೇ. ವಾರ್ಫರಿನ್ ಕೂಡ 1948ರಲ್ಲಿ ಇಲಿ ಔಷಧವಾಗಿಯೇ ಅಮೆರಿಕದ ಮಾರುಕಟ್ಟೆಗೆ ಬಂದದ್ದು. ಮನುಷ್ಯರಿಗೆ ಕೊಡತೊಡಗಿದ್ದು 1950ರ ದಶಕದಲ್ಲಿ. ಇವು ಈಗಾಗಲೇ ಇರುವ ರಕ್ತವನ್ನು ನೀರು ಮಾಡುವುದಿಲ್ಲ. ಹೆಪ್ಪುಗಟ್ಟಿಸುವ ಅಂಶಗಳನ್ನು ಯಕೃತ್ತು ಹೊಸದಾಗಿ ತಯಾರಿಸದಂತೆ ತಡೆಯುತ್ತವೆ. ಹಗೇವಿಗೆ ಹೊಸ ಕಾಳು ಸುರಿಯುವುದು ನಿಂತರೂ ಹಳೆಯದು ಕೆಲವು ದಿನ ಊಟಕ್ಕೆ ಸಾಲುತ್ತದೆ, ಹಾಗೆ. ಆ ಅಂಶಗಳಲ್ಲೊಂದಾದ ಪ್ರೋಥ್ರಾಂಬಿನ್ ಅರ್ಧಕ್ಕಿಳಿಯಲು ಎರಡೂವರೆ ದಿನವಾದರೂ ಬೇಕು. ಮೆಟ್ರೋನಿಡಜೋಲ್ ಮಾಡುವುದಿಷ್ಟೇ: ವಾರ್ಫರಿನ್ ಅನ್ನು ಕರಗಿಸಿ ಹೊರಹಾಕುವ ಯಕೃತ್ತಿನ ಕಿಣ್ವಕ್ಕೆ ಅಡ್ಡ ಬರುತ್ತದೆ. ನುಂಗುವುದು ಅದೇ ಮಾತ್ರೆ, ಮೈಯಲ್ಲಿ ಉಳಿಯುವುದು ಹೆಚ್ಚು. ಮೊದಲೆರಡು ದಿನ ಏನೂ ಆಗಲಿಲ್ಲವೆಂದರೆ ಹಗೇವು ಇನ್ನೂ ಬರಿದಾಗಿಲ್ಲ ಎಂದಷ್ಟೇ ಅರ್ಥ.

ಕೋಟ್ರೈಮಾಕ್ಸಜೋಲ್ ಎಂಬ ಆ್ಯಂಟಿಬಯೋಟಿಕ್, ಹುಳುಕಡ್ಡಿಗೆ ಕೊಡುವ ಫ್ಲುಕೊನಜೋಲ್ ಕೂಡ ಹೀಗೆಯೇ ಅಡ್ಡ ಬರುತ್ತವೆ. ಎಲ್ಲರಿಗೂ ರಕ್ತಸ್ರಾವವಾಗುತ್ತದೆ ಎನ್ನುತ್ತಿಲ್ಲ. ಅಮಾಕ್ಸಿಸಿಲಿನ್ ಸಾಮಾನ್ಯವಾಗಿ ಇಷ್ಟು ಕಾಡುವುದಿಲ್ಲ. ಆದರೆ ಜ್ವರ ಬಂದು ಊಟ ಬಿಟ್ಟರೆ ಆ ಕಾರಣಕ್ಕೇ ಐಎನ್‌ಆರ್ ಏರಬಹುದು. ಆದ್ದರಿಂದ ಯಾವ ಆ್ಯಂಟಿಬಯೋಟಿಕ್ ಆದರೂ ಶುರು ಮಾಡಿದ ಮೂರರಿಂದ ಐದನೆಯ ದಿನದೊಳಗೆ ಒಮ್ಮೆ, ಮುಗಿದ ಮೇಲೆ ಇನ್ನೊಮ್ಮೆ ಐಎನ್‌ಆರ್ ನೋಡಿಸಿ ಎನ್ನುತ್ತೇನೆ. ಹೆದರಿ ವಾರ್ಫರಿನ್ ಅನ್ನೇ ಬಿಟ್ಟು ಕೂರುವವರೂ ಇದ್ದಾರೆ. ದಯವಿಟ್ಟು ಬೇಡ, ಕವಾಟದಲ್ಲಿ ಹೆಪ್ಪು ಕಟ್ಟಿದರೆ ಲಕ್ವ ಹೊಡೆಯಬಹುದು.

ಕ್ಷಯಕ್ಕೆ ಕೊಡುವ ರಿಫಾಂಪಿಸಿನ್‌ನದು ಉಲ್ಟಾ ಲೆಕ್ಕ. ಅದು ವಾರ್ಫರಿನ್ ಅನ್ನು ಬೇಗ ಹೊರಹಾಕಿಸುವುದರಿಂದ ಪ್ರಮಾಣ ಏರಿಸುತ್ತಾ ಹೋಗಬೇಕಾಗುತ್ತದೆ. ಕ್ಷಯದ ಮಾತ್ರೆ ಮುಗಿಯಿತೆಂದು ಸಿಹಿ ಹಂಚುವ ಹೊತ್ತಿಗೆ, ಏರಿಸಿದ್ದನ್ನು ಇಳಿಸಬೇಕೆಂಬುದು ಯಾರಿಗೂ ನೆನಪಿರುವುದಿಲ್ಲ.

ಅಂದು ಆ ರೈತರಿಗೆ ಇಲಿಯ ಲೆಕ್ಕ ತಕ್ಷಣ ಹೊಳೆಯಿತು. ಅವರ ಮನೆಯವರು ಮಾತ್ರ ಚೀಲದಿಂದ ಮಾತ್ರೆ ಹಾಳೆ ತೆಗೆದು ನನ್ನ ಮೇಜಿನ ಮೇಲಿಟ್ಟರು: “ಅಂದರೆ ಇಷ್ಟು ವರ್ಷ ಇವರಿಗೆ ನನ್ನ ಕೈಯಿಂದಲೇ ಇಲಿ ಔಷಧ ಕೊಡಿಸಿದಿರಾ ಸರ್?” ಅವರನ್ನು ಒಪ್ಪಿಸಿ ಆ ಹಾಳೆಯನ್ನು ಮತ್ತೆ ಚೀಲಕ್ಕೆ ಹಾಕಿಸಲು ಅರ್ಧ ಗಂಟೆ ಹಿಡಿಯಿತು.