ನಾಯಿಕೆಮ್ಮಿಗೆ ರಕ್ತ ಪರೀಕ್ಷೆ ಬಂದ ದಾರಿ

ಕಲಬುರಗಿ ಸೀಮೆಯಲ್ಲಿ ತೊಗರಿ ರಾಶಿಯ ದಿನಗಳಲ್ಲಿ ಹಿಡಿದ ಕೆಮ್ಮನ್ನು ಧೂಳಿನ ಲೆಕ್ಕಕ್ಕೆ ಹಾಕುವುದು ಸುಲಭ. ಎರಡು ವಾರ ದಾಟಿದರೆ ಕ್ಷಯದ ಶಂಕೆಯಿಂದ ಕಫ ಪರೀಕ್ಷೆ ಮಾಡಿಸುತ್ತಾರೆ; ಅದು ಸರಿಯಾದ ಕ್ರಮವೇ. ಆದರೆ ಕಫದಲ್ಲಿ ಏನೂ ಸಿಗದಿದ್ದಾಗ, ಹದಿಹರೆಯದ ಹುಡುಗನಿಗೋ ನಡುವಯಸ್ಸಿನ ತಾಯಿಗೋ ನಾಯಿಕೆಮ್ಮು ಬಂದಿರಬಹುದೆಂಬ ಯೋಚನೆ ಸುಲಭಕ್ಕೆ ಹೊಳೆಯುವುದಿಲ್ಲ. ಲಸಿಕೆಯ ರಕ್ಷಣೆ ಕೆಲವೇ ವರ್ಷಗಳಲ್ಲಿ ಕ್ಷೀಣಿಸುತ್ತದೆ ಎಂಬುದನ್ನು ನಾವು ಮರೆತಿರುತ್ತೇವೆ.

ನಾಯಿಕೆಮ್ಮಿನ ರೋಗಾಣುವನ್ನು 1906ರಲ್ಲಿ ಬೆಲ್ಜಿಯಂನ ಜೂಲ್ಸ್ ಬೋರ್ಡೆ ಮತ್ತು ಒಕ್ತಾವ್ ಜಂಗು ಬೇರ್ಪಡಿಸಿ ಬೆಳೆಸಿದರು. ಗುಣಮುಖರಾದ ಮಕ್ಕಳ ರಕ್ತದಲ್ಲಿ ಅದರ ವಿರುದ್ಧದ ಪ್ರತಿಕಾಯಗಳಿವೆ (ಸೋಂಕನ್ನು ಎದುರಿಸಲು ದೇಹ ತಯಾರಿಸುವ ಪ್ರೋಟೀನ್‌ಗಳು) ಎಂಬುದು ಅವರ ಶೋಧಕ್ಕೆ ಬಲ ಕೊಟ್ಟ ಸಾಕ್ಷ್ಯಗಳಲ್ಲೊಂದು. ಅಂದರೆ ರಕ್ತದ ಸಾಕ್ಷ್ಯ ಈ ಕಾಯಿಲೆಯ ವಿಜ್ಞಾನದಷ್ಟೇ ಹಳೆಯದು. ಆದರೂ ಮೂಗಿನ ಆಳದಿಂದ ತೆಗೆದ ದ್ರವದಲ್ಲಿ ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ವಿಧಾನವೇ ದಶಕಗಳ ಕಾಲ ಪ್ರಮಾಣವಾಗಿ ಉಳಿಯಿತು. ಕೆಮ್ಮು ಎರಡು ವಾರ ದಾಟುವಷ್ಟರಲ್ಲಿ ರೋಗಾಣು ವಿರಳವಾಗಿಬಿಡುತ್ತದೆ. ವೈದ್ಯರ ಬಳಿ ತಡವಾಗಿ ಬಂದವರಿಗೆ ಕಲ್ಚರ್ ನೆರವಾಗಲಿಲ್ಲ. ನಂತರ ಬಂದ, ರೋಗಾಣುವಿನ ಡಿಎನ್‌ಎಯನ್ನು ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆ ಈ ಅವಧಿಯನ್ನು ಸ್ವಲ್ಪ ಹಿಗ್ಗಿಸಿತಷ್ಟೆ.

1971ರಲ್ಲಿ ಎಲೈಸಾ ಎಂಬ ರಕ್ತ ಪರೀಕ್ಷಾ ತಂತ್ರ ರೂಪುಗೊಂಡ ಮೇಲೆ ಪ್ರತಿಕಾಯಗಳನ್ನು ಅಳೆಯುವುದು ಸುಲಭವಾಯಿತು. ಮೊದಲು ಕೆಲವು ವಾರಗಳ ಅಂತರದಲ್ಲಿ ಎರಡು ಬಾರಿ ರಕ್ತ ತೆಗೆದು ಏರಿಕೆಯನ್ನು ಹೋಲಿಸುತ್ತಿದ್ದರು, ಆದರೆ ರೋಗಿ ಬರುವಷ್ಟರಲ್ಲಿ ಏರಿಕೆ ಮುಗಿದೇ ಹೋಗಿರುತ್ತಿತ್ತು. ಹಾಗಾಗಿ ಒಂದೇ ಮಾದರಿಯನ್ನು ನಿಗದಿತ ಮಟ್ಟದೊಂದಿಗೆ ಹೋಲಿಸುವ ಪದ್ಧತಿ ಬಂತು; ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1987ರಿಂದ ಅದನ್ನು ಬಳಕೆಗೆ ತಂದಿತು. ರೋಗಾಣುವಿನ ಹಲವು ಪ್ರೋಟೀನ್‌ಗಳ ಪೈಕಿ ಪರ್ಟುಸಿಸ್ ಟಾಕ್ಸಿನ್ ಎಂಬ ವಿಷದ ವಿರುದ್ಧದ ಪ್ರತಿಕಾಯ ಒಂದನ್ನೇ ನೆಚ್ಚಲು ಕಾರಣವಿದೆ: ಆ ವಿಷವನ್ನು ಈ ರೋಗಾಣುವಿನ ಹೊರತು ಬೇರಾವುದೂ ಉತ್ಪಾದಿಸುವುದಿಲ್ಲ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಳತೆಗೆ ಹೋಲಿಕೆಯಾಗಿ ಬಳಸುವ ಅಂತರರಾಷ್ಟ್ರೀಯ ಮಾನಕ ದ್ರವವನ್ನು ಒಪ್ಪಿಕೊಂಡ ಬಳಿಕ ಬೇರೆ ಬೇರೆ ಪ್ರಯೋಗಾಲಯಗಳ ಅಂಕಿಗಳನ್ನು ಹೋಲಿಸಲು ಬಂತು.

ಕೆಮ್ಮು ಆರಂಭವಾಗಿ 2ರಿಂದ 8 ವಾರಗಳ ನಡುವೆ ಈ ಪರೀಕ್ಷೆ ಅತ್ಯಂತ ಉಪಯುಕ್ತ. ಕ್ಷಯಕ್ಕಾಗಿ ಕಫ ಕೇಳುವ ಹೊತ್ತೂ ಅದೇ ಎಂಬುದು ನಮ್ಮ ಭಾಗದ ವೈದ್ಯರು ಗಮನಿಸಬೇಕಾದ ಸಂಗತಿ. ಲಸಿಕೆಯೂ ಪ್ರತಿಕಾಯಗಳನ್ನು ಹೆಚ್ಚಿಸುವುದರಿಂದ, ಅದನ್ನು ಪಡೆದ ವರ್ಷದೊಳಗೆ ಫಲಿತಾಂಶವನ್ನು ನಂಬಲಾಗದು. ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ನಾಯಿಕೆಮ್ಮಿನ ಕೊನೆಯ ಚುಚ್ಚುಮದ್ದು 5–6ನೇ ವಯಸ್ಸಿಗೆ ಮುಗಿಯುತ್ತದೆ. 10 ಮತ್ತು 16ನೇ ವಯಸ್ಸಿನ ಟಿಡಿ (ಧನುರ್ವಾಯು ಮತ್ತು ಗಂಟಲಮಾರಿ) ಲಸಿಕೆಯಲ್ಲಿ ಅದರ ಅಂಶವಿಲ್ಲ. ಆದ್ದರಿಂದ ಹದಿಹರೆಯದವರಲ್ಲಿ ಹೆಚ್ಚಿನ ಮಟ್ಟ ಕಂಡರೆ ಅದನ್ನು ಸೋಂಕಿನ ಗುರುತೆಂದು ಓದಲು ಇಲ್ಲಿ ಹೆಚ್ಚು ಆಸ್ಪದವಿದೆ.

ಹಸುಗೂಸುಗಳಿಗೆ ಈ ಪರೀಕ್ಷೆ ಸಲ್ಲದು. ತಾಯಿಯಿಂದ ಬಂದ ಪ್ರತಿಕಾಯಗಳು ಫಲಿತಾಂಶವನ್ನು ಗೊಂದಲಗೊಳಿಸುತ್ತವೆ. ಅವರಿಗೆ ಪಿಸಿಆರ್ ಅಥವಾ ಕಲ್ಚರ್ ಬೇಕು. ಆದರೆ ಮೊದಲ ಲಸಿಕೆ ಆರನೇ ವಾರಕ್ಕೆ ಬರುವ ಕೂಸಿರುವ ಮನೆಯಲ್ಲಿ, ಹಿರಿಯರೊಬ್ಬರ ರಕ್ತದ ಫಲಿತಾಂಶ ಬಂದಾಗ ಅವರ ಕೆಮ್ಮಿಗೆ ಔಷಧಿಯಿಂದ ಹೆಚ್ಚು ಪ್ರಯೋಜನವಾಗದಿದ್ದರೂ, ಆ ಕೂಸನ್ನು ತಕ್ಷಣ ವೈದ್ಯರಿಗೆ ತೋರಿಸಲು ಮತ್ತು ಅಗತ್ಯವಿದ್ದರೆ ಮುನ್ನೆಚ್ಚರಿಕೆಯ ಆಂಟಿಬಯಾಟಿಕ್ ಕೊಡಿಸಲು ಅದು ಸಾಕಷ್ಟು ಕಾರಣವಾಗುತ್ತದೆ.