ಕಾನ್ಫಿಗರ್ ಕೇಳುವ ಹಳೇ ಪ್ರಶ್ನೆಗಳು, ತಪ್ಪಾಗಿ ಬರುವ ‘ನೋ’

ಹಳೇ ಸಿ ಪ್ರೋಗ್ರಾಂ ಒಂದನ್ನು ಇಳಿಸಿಕೊಂಡು ಕಂಪೈಲ್ ಮಾಡಲು, ಅಂದರೆ ಸೋರ್ಸನ್ನು ಓಡುವ ಪ್ರೋಗ್ರಾಂ ಆಗಿಸಲು, ಹೊರಟವರಿಗೆ ಈ ದೃಶ್ಯ ಗೊತ್ತು. ಪ್ರೋಗ್ರಾಂ ಜೊತೆಗೇ ಬರುವ, ಮಷೀನಿನಲ್ಲಿ ಏನೇನಿದೆ ಅಂತ ಪರೀಕ್ಷಿಸುವ ಕಾನ್ಫಿಗರ್ ಎಂಬ ಸ್ಕ್ರಿಪ್ಟಿನ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದ ಕೂಡಲೇ ಪರದೆ ತುಂಬ ಪ್ರಶ್ನೋತ್ತರ ಓಡುತ್ತದೆ. ‘ಚೆಕಿಂಗ್ ಫಾರ್ ಸ್ಟ್ರಿಂಗ್.ಎಚ್... ಯೆಸ್.’ ‘ಚೆಕಿಂಗ್ ಫಾರ್ ಎಸ್‌ಟಿಡಿಲಿಬ್.ಎಚ್... ಯೆಸ್.’ ಫಂಕ್ಷನ್‌ಗಳ ಘೋಷಣೆ ಇರುವ ಈ ಹೆಡರ್ ಫೈಲುಗಳೇ ಇಲ್ಲದ ಸಿ ಕಂಪೈಲರನ್ನು ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ? ಆದರೂ ಸ್ಕ್ರಿಪ್ಟ್ ಪ್ರತಿ ಸಲ ಕೇಳುತ್ತದೆ.

ಕೇಳಿದರೆ ಕೇಳಲಿ, ಒಂದು ನಿಮಿಷ ಹೋದರೆ ಹೋಗಲಿ ಅಂತ ಸುಮ್ಮನಿರಬಹುದಿತ್ತು. ಆದರೆ 2024ರಲ್ಲಿ ಎರಡು ಸಂಗತಿ ನಡೆದವು. ಮಾರ್ಚಿನಲ್ಲಿ ಎಕ್ಸ್‌ಝಡ್ ಎಂಬ ಕಂಪ್ರೆಷನ್ ಪ್ಯಾಕೇಜಿನೊಳಗೆ ಕಳ್ಳ ಬಾಗಿಲು ಸಿಕ್ಕಿತು. ಅದು ಒಳಗೆ ಬಂದದ್ದು ಈ ಕಾನ್ಫಿಗರ್ ದಾರಿಯಲ್ಲೇ. ಮೇ ತಿಂಗಳಲ್ಲಿ ಜಿಸಿಸಿ ಎಂಬ ಸಿ ಕಂಪೈಲರಿನ 14ನೇ ಆವೃತ್ತಿ ಬಂತು. ಅದರೊಂದಿಗೆ ಹಳೇ ಕಾನ್ಫಿಗರ್ ಸ್ಕ್ರಿಪ್ಟ್‌ಗಳು ತಪ್ಪು ಉತ್ತರ ಬರೆದುಕೊಳ್ಳುವ ಸಂದರ್ಭ ಜಾಸ್ತಿಯಾಯಿತು. ಅಲ್ಲಿಂದ ಶುರುವಾದ, ಕಾನ್ಫಿಗರ್ ಇನ್ನು ಬೇಕೋ ಬೇಡವೋ ಎಂಬ ವಾದದಲ್ಲಿ ಎಲ್ಲವೂ ಕಲಸಿಹೋಗಿದೆ. ಹಾಗಾಗಿ ಬುಡದಿಂದ ನೋಡೋಣ.

1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ 1973ರಲ್ಲಿ ಸಿ ಭಾಷೆಗೆ ಬಂತು, ಒಂದು ಮಷೀನಿನಿಂದ ಇನ್ನೊಂದಕ್ಕೆ ಹೋಯಿತು, ಎಂಬತ್ತರ ದಶಕದ ಹೊತ್ತಿಗೆ ಎರಡು ಪಾಲಾಯಿತು. ಅಣ್ಣತಮ್ಮಂದಿರು ಪಾಲಾದ ಮೇಲೆ ಅಡುಗೆ ಬೇರೆಯಾಗುವ ಹಾಗೆ, ಎಟಿ ಅಂಡ್ ಟಿ ಕಡೆಯದು ಸಿಸ್ಟಮ್ ಫೈವ್ ಆಯಿತು, ಬರ್ಕ್ಲಿ ವಿಶ್ವವಿದ್ಯಾಲಯದ್ದು ಬಿಎಸ್‌ಡಿ ಆಯಿತು. ಸನ್, ಎಚ್‌ಪಿ, ಐಬಿಎಂ, ಡಿಜಿಟಲ್ ಕಂಪನಿಗಳು ಎರಡೂ ಕಡೆಯಿಂದ ತಮಗೆ ಬೇಕಾದ್ದನ್ನು ಎತ್ತಿಕೊಂಡು ತಮ್ಮದೇ ಮಸಾಲೆ ಸೇರಿಸಿದವು.

ತೊಂದರೆ ಎಷ್ಟು ಚಿಕ್ಕ ಜಾಗದಲ್ಲಿ ಇತ್ತು ಅಂದರೆ, ಮೆಮೊರಿಯ ಒಂದು ತುಂಡನ್ನು ನಕಲು ಮಾಡಲು ಬರ್ಕ್ಲಿಯವರದು ಬಿಕಾಪಿ, ಸಿಸ್ಟಮ್ ಫೈವ್‌ನವರದು ಮೆಮ್‌ಕಾಪಿ. ಹೆಸರು ಮಾತ್ರ ಬೇರೆಯಾಗಿದ್ದರೆ ಪರವಾಗಿಲ್ಲ. ಒಂದರಲ್ಲಿ ಮೊದಲು ‘ಎಲ್ಲಿಂದ’, ಆಮೇಲೆ ‘ಎಲ್ಲಿಗೆ’. ಇನ್ನೊಂದರಲ್ಲಿ ತಿರುಗುಮುರುಗು. ಸಿಗ್ನಲ್‌ಗಳ (ಓಡುತ್ತಿರುವ ಪ್ರೋಗ್ರಾಂಗೆ ಸಿಸ್ಟಮ್ ಕಳಿಸುವ ಸೂಚನೆಗಳ) ಕತೆಯೂ ಹಾಗೇ. ಬರ್ಕ್ಲಿಯಲ್ಲಿ ಸಿಗ್ನಲ್ ಬಂದಾಗ ಓಡಬೇಕಾದ ಹ್ಯಾಂಡ್ಲರ್ ಒಮ್ಮೆ ಹಾಕಿದರೆ ಅಲ್ಲೇ ಕೂತಿರುತ್ತಿತ್ತು. ಸಿಸ್ಟಮ್ ಫೈವ್‌ನಲ್ಲಿ ಒಂದು ಸಿಗ್ನಲ್ ಬಂದ ಕೂಡಲೇ ಕಳಚಿಬೀಳುತ್ತಿತ್ತು, ಮತ್ತೆ ಹಾಕಬೇಕು.

ಮೊದಮೊದಲು ಇದಕ್ಕೆ ಇದ್ದ ಉಪಾಯ ಹೆಸರು ಕೇಳುವುದು. ಸನ್ ಆದರೆ ಹೀಗೆ, ಎಚ್‌ಪಿ ಆದರೆ ಹಾಗೆ ಅಂತ ಸೋರ್ಸ್ ತುಂಬ ಇಫ್‌ಡೆಫ್ ಎಂಬ ಷರತ್ತಿನ ಸಾಲುಗಳು. ಆದರೆ ಕಂಪನಿ ಹೊಸ ಆವೃತ್ತಿ ಬಿಟ್ಟ ದಿನ ಆ ಪಟ್ಟಿ ಹಳಸುತ್ತದೆ. ಹೆಸರು ಅದೇ, ಒಳಗಿನ ಸರಕು ಬೇರೆ. ಲ್ಯಾರಿ ವಾಲ್ 1984ರಲ್ಲಿ ತಮ್ಮ ಆರ್‌ಎನ್ ಎಂಬ ಸುದ್ದಿ ಓದುವ ಪ್ರೋಗ್ರಾಂ ಜೊತೆ ಒಂದು ಷೆಲ್ ಸ್ಕ್ರಿಪ್ಟ್ (ಕಮಾಂಡ್‌ಗಳ ಪಟ್ಟಿ) ಕೊಟ್ಟರು. ಅದು ಸಿಸ್ಟಮ್ಮನ್ನು ತಾನೇ ಮುಟ್ಟಿ ನೋಡಿ, ತಿಳಿಯದ್ದನ್ನು ಮಾತ್ರ ಕೂತವರನ್ನು ಕೇಳುತ್ತಿತ್ತು. ಪರ್ಲ್ ಭಾಷೆಗೂ ಅದೇ ವಂಶದ ಸ್ಕ್ರಿಪ್ಟ್ ಬಂತು. ಯೂನಿಸ್ ಎಂಬ ನಕಲಿ ಯುನಿಕ್ಸ್ ನಿಮ್ಮದಲ್ಲ ಅಂತ ಗೊತ್ತಾದರೆ ಅದು ಅಭಿನಂದನೆ ಹೇಳುತ್ತಿತ್ತು. ಯಾರಿಗೋ ಚೆನ್ನಾಗಿ ಕೈ ಸುಟ್ಟಿರಬೇಕು.

1991ರ ಜೂನ್‌ನಲ್ಲಿ ಡೇವಿಡ್ ಮೆಕೆಂಜಿ ಅವರು ಫ್ರೀ ಸಾಫ್ಟ್‌ವೇರ್ ಫೌಂಡೇಷನ್‌ಗಾಗಿ ಗ್ನೂ ಪ್ರೋಗ್ರಾಂಗಳನ್ನು ನೋಡಿಕೊಳ್ಳುತ್ತಿದ್ದರು. ಬಳಕೆದಾರರು ಮೇಕ್‌ಫೈಲ್‌ನಲ್ಲಿ, ಅಂದರೆ ಪ್ರೋಗ್ರಾಂ ಕಟ್ಟುವ ಕ್ರಮ ಬರೆದ ಫೈಲಿನಲ್ಲಿ, ಕೈಯಾರೆ ಆರಿಸಬೇಕಾದ ಆಯ್ಕೆಗಳು ಇಪ್ಪತ್ತರ ಹತ್ತಿರ ಬಂದಿದ್ದವು. ಬೇಸತ್ತು ಅವರು ಒಂದು ಪುಟ್ಟ ಷೆಲ್ ಸ್ಕ್ರಿಪ್ಟ್ ಬರೆದರು. ಮುಂದೆ ಅದೇ ಆಟೋಕಾನ್ಫ್ ಆಯಿತು. ಎಂ4 ಎಂಬ ಮ್ಯಾಕ್ರೋ ಭಾಷೆಯಲ್ಲಿ ನಾಲ್ಕು ಸಾಲು ಬರೆದರೆ ಸಾವಿರಾರು ಸಾಲಿನ ಸ್ಕ್ರಿಪ್ಟ್ ಹುಟ್ಟುತ್ತದೆ. ಹುಟ್ಟಿಸುವ ಕೆಲಸ ಬರೆದವರ ಮನೆಯಲ್ಲೇ ಮುಗಿಯುತ್ತದೆ. ಪಡೆದವರ ಹತ್ತಿರ ಷೆಲ್, ಮೇಕ್, ಸಿ ಕಂಪೈಲರ್ ಇದ್ದರೆ ಸಾಕು, ಎಂ4 ಬೇಡ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಅದು ಕೇಳುವ ರೀತಿ ಬಹಳ ಸರಳ. ಒಂದು ಪುಟಾಣಿ ಸಿ ಪ್ರೋಗ್ರಾಂ ಬರೆಯುತ್ತದೆ, ಕಂಪೈಲರ್‌ಗೆ ಕೊಡುತ್ತದೆ. ಕಂಪೈಲ್ ಆದರೆ ‘ಯೆಸ್’. ಆಗದಿದ್ದರೆ ‘ನೋ’. ಯಾಕೆ ಆಗಲಿಲ್ಲ ಅಂತ ಕೇಳುವುದಿಲ್ಲ. ಆ ಕಾಲಕ್ಕೆ ಕೇಳುವ ಅಗತ್ಯವೂ ಕಮ್ಮಿ ಇತ್ತು.

ತೊಂಬತ್ತರ ದಶಕದ ಮೊದಲರ್ಧ ಈ ಉಪಾಯದ ಸುವರ್ಣಕಾಲ. ಈಗ ಹುಚ್ಚುಹುಚ್ಚಾಗಿ ಕಾಣುವ ಪ್ರತಿ ಪ್ರಶ್ನೆಯ ಹಿಂದೆ ಒಂದು ನಿಜವಾದ ಮಷೀನ್ ಇದೆ. ಸನ್‌ಓಎಸ್ 4ರ ಸ್ಟ್ರಿಂಗ್.ಎಚ್ ಫೈಲಿನಲ್ಲಿ ಮೆಮ್ ಕುಟುಂಬದ ಫಂಕ್ಷನ್‌ಗಳ ಘೋಷಣೆಯೇ ಇರಲಿಲ್ಲ. ಐಎಸ್‌ಸಿ 2.0.2 ಎಂಬ ಯುನಿಕ್ಸ್‌ನ ಎಸ್‌ಟಿಡಿಲಿಬ್.ಎಚ್‌ನಲ್ಲಿ ಮೆಮೊರಿ ಹಿಂದಿರುಗಿಸುವ ‘ಫ್ರೀ’ ಎಂಬ ಫಂಕ್ಷನ್ನಿನ ಘೋಷಣೆ ಇರಲಿಲ್ಲ. ಐರಿಕ್ಸ್ 4.0.5ರ ಕಂಪೈಲರ್‌ಗೆ ಆನ್ಸಿ (ಸಿ ಭಾಷೆಯ ಅಧಿಕೃತ ಮಾನದಂಡ) ಅಂತ ಬಾಯಿಬಿಟ್ಟು ಹೇಳದಿದ್ದರೆ ಅಕ್ಷರ ಪರೀಕ್ಷಿಸುವ ಮ್ಯಾಕ್ರೋಗಳು ಹಳೇ ರೂಪದಲ್ಲೇ ಬರುತ್ತಿದ್ದವು. ಈ ಮೂರು ಮಷೀನುಗಳ ಹೆಸರು ಸ್ಕ್ರಿಪ್ಟ್‌ನೊಳಗೆ ಕಾಮೆಂಟ್ ಆಗಿ ದಶಕಗಟ್ಟಲೆ ಉಳಿದವು, ವೀರಗಲ್ಲಿನ ಹಾಗೆ.

ನನಗೆ ಜಾಸ್ತಿ ಇಷ್ಟವಾದದ್ದು ಮೆಮೊರಿಯ ಎರಡು ತುಂಡು ಹೋಲಿಸುವ ಮೆಮ್‌ಕಂಪ್ ಪರೀಕ್ಷೆ. 64 ಚಿಕ್ಕದೋ 128 ಚಿಕ್ಕದೋ, ಇಷ್ಟೇ ಪ್ರಶ್ನೆ. ಸನ್‌ಓಎಸ್ 4.1.3 ಇದಕ್ಕೆ 128 ಅನ್ನುತ್ತಿತ್ತು. 127ರ ಮೇಲಿನ ಬೈಟ್‌ಗಳನ್ನು ಅದು ಋಣ ಸಂಖ್ಯೆ ಅಂತ ಓದುತ್ತಿತ್ತು. ಇಂಗ್ಲಿಷ್ ಮಾತ್ರ ಬರೆಯುವವರಿಗೆ ಇದು ಗೊತ್ತೇ ಆಗುವುದಿಲ್ಲ. ಆದರೆ ಭಾರತೀಯ ಲಿಪಿಗಳಿಗೆ ಮಾಡಿದ ಇಸ್ಕಿ ಸಂಕೇತದಲ್ಲಿ ಕನ್ನಡದ ಅಕ್ಷರಗಳು ಕೂತಿರುವುದು ಆ ಮೇಲಿನ ಅರ್ಧದಲ್ಲೇ ಅಲ್ವಾ? ಆ ಫಂಕ್ಷನ್ ಇಟ್ಟುಕೊಂಡು ಬೈಟ್ ಲೆಕ್ಕದಲ್ಲಿ ಪದಪಟ್ಟಿ ಜೋಡಿಸಿದರೆ ‘ಅ’ ಹೋಗಿ ಇಂಗ್ಲಿಷಿನ ‘ಎ’ಗಿಂತ ಮುಂದೆ ಕೂರುತ್ತದೆ.

ಕಂಪೈಲರ್ ಕತೆ ಇನ್ನೊಂದು ಥರ. ಆನ್ಸಿ ಸಿ ಬಂದದ್ದು 1989ರಲ್ಲಿ. ಆದರೆ ಎಚ್‌ಪಿ-ಯುಎಕ್ಸ್ ಜೊತೆ ಪುಕ್ಕಟೆ ಬರುತ್ತಿದ್ದ ಕಂಪೈಲರ್‌ಗೆ ಹಳೇ ಸಿ ಮಾತ್ರ ಗೊತ್ತು, ಹೊಸದಕ್ಕೆ ಬೇರೆ ದುಡ್ಡು. ಸನ್ ಕಂಪನಿಯ ಸೊಲಾರಿಸ್ 2 ಬಂದಾಗ ಕಂಪೈಲರೇ ಪ್ರತ್ಯೇಕ ಮಾರಾಟಕ್ಕೆ ಹೋಯಿತು. ಸಿಸಿ ಅಂತ ಹೊಡೆದರೆ ‘ಭಾಷೆಯ ಐಚ್ಛಿಕ ಪ್ಯಾಕೇಜ್ ಹಾಕಿಲ್ಲ’ ಎಂಬ ಉತ್ತರ. ಹಾಗಾಗಿ ಕಾನ್ಫಿಗರ್‌ನ ಪರೀಕ್ಷಾ ಪ್ರೋಗ್ರಾಂಗಳನ್ನು ಬೇಕೆಂದೇ ಹಳೇ ಸಿಯಲ್ಲಿ ಬರೆದರು. ಮೇನ್‌ಗೆ ಟೈಪ್ ಇಲ್ಲ, ಎಕ್ಸಿಟ್ ಕರೆಯಲು ಹೆಡರ್ ಇಲ್ಲ. ಯಾವ ಬಡ ಕಂಪೈಲರ್ ಆದರೂ ನುಂಗಬೇಕು.

ಸ್ಕ್ರಿಪ್ಟ್ ಇಷ್ಟು ಉದ್ದ ಯಾಕೆ ಎಂಬುದಕ್ಕೂ ಕಾರಣ ಅಲ್ಲೇ ಇದೆ. ಡಿಜಿಟಲ್‌ನ ಅಲ್ಟ್ರಿಕ್ಸ್‌ನಲ್ಲಿದ್ದ ಮಾಮೂಲಿ ಷೆಲ್‌ಗೆ ಫಂಕ್ಷನ್ ಗೊತ್ತಿರಲಿಲ್ಲ. ಆದ್ದರಿಂದ ಆಟೋಕಾನ್ಫ್ ತುಂಬಾ ವರ್ಷ ಷೆಲ್ ಫಂಕ್ಷನ್ ಮುಟ್ಟಲೇ ಇಲ್ಲ. ಒಂದೇ ತುಂಡನ್ನು ನೂರು ಸಲ ಬಿಡಿಸಿ ಬರೆಯಿತು. ಇಪ್ಪತ್ತು ಸಾವಿರ ಸಾಲು ದಾಟಿದ ಕಾನ್ಫಿಗರ್‌ಗಳು ಇವೆ. ನಿಧಾನದ ಮಷೀನಿನಲ್ಲಿ ಕೆಳಗೆ ಹೋಗಿ ಟೀ ಕುಡಿದು ಬಂದರೂ ಪ್ರಶ್ನೆ ಮುಗಿದಿರುತ್ತಿರಲಿಲ್ಲ.

ಆಮೇಲೆ ಮಷೀನುಗಳು ಒಂದೊಂದಾಗಿ ಹೋದವು. ಪ್ರಶ್ನೆಗಳು ಉಳಿದವು. ತಿಥಿಯ ದಿನ ಬೆಕ್ಕು ಕಾಟ ಕೊಡುತ್ತದೆ ಅಂತ ಅಜ್ಜ ಅದನ್ನು ಬುಟ್ಟಿಯಡಿ ಮುಚ್ಚಿಟ್ಟ, ಮೊಮ್ಮಕ್ಕಳು ತಿಥಿ ಬಂದಾಗೆಲ್ಲ ಬುಟ್ಟಿ ಹಿಡಿದು ಬೆಕ್ಕು ಹುಡುಕಿದರು ಎಂಬ ಕತೆ ಇದೆಯಲ್ಲ, ಹಾಗೆ. ಹಳೇ ಪ್ಯಾಕೇಜಿನ ಪ್ರಶ್ನಾಪಟ್ಟಿ ಹೊಸದಕ್ಕೆ ನಕಲಾಯಿತು. ಕೇಳಿ ಬಂದ ಉತ್ತರವನ್ನು ಸೋರ್ಸ್‌ನಲ್ಲಿ ಯಾರೂ ನೋಡದ ಪ್ಯಾಕೇಜುಗಳೂ ಇವೆ. ಇದರಲ್ಲಿ ಯಾರದೋ ಸೋಮಾರಿತನ ಹುಡುಕುವುದು ಸರಿಯಲ್ಲ. ಯಾವ ಪ್ರಶ್ನೆ ತೆಗೆದರೆ ಯಾರ ಮಷೀನ್ ಕೆಡುತ್ತದೋ ಗೊತ್ತಿಲ್ಲದಾಗ ಯಾರು ತಾನೇ ಕೈ ಹಾಕುತ್ತಾರೆ? ಆಟೋಕಾನ್ಫ್ ಕೂಡ 2012ರ 2.69 ಆದ ಮೇಲೆ 2020ರ ಡಿಸೆಂಬರ್‌ವರೆಗೆ ಹೊಸ ಆವೃತ್ತಿ ಕಾಣಲಿಲ್ಲ.

ಈಗ 2024ಕ್ಕೆ ಬರೋಣ. ಟೈಪ್ ಇಲ್ಲದ ಮೇನ್, ಘೋಷಣೆ ಇಲ್ಲದ ಫಂಕ್ಷನ್, ಇವೆರಡನ್ನೂ ಸಿ ಭಾಷೆ 1999ರಲ್ಲೇ ಕೈಬಿಟ್ಟಿತ್ತು. ಕಂಪೈಲರ್‌ಗಳು ಮಾತ್ರ ಗೊಣಗಿ ಸುಮ್ಮನಾಗುತ್ತಿದ್ದವು. 2023ರಲ್ಲಿ ಕ್ಲ್ಯಾಂಗ್ 16 ಎಂಬ ಇನ್ನೊಂದು ಕಂಪೈಲರ್, ಮರುವರ್ಷ ಜಿಸಿಸಿ 14 ಇದನ್ನು ದೋಷ ಅಂತಲೇ ಸಾರಿದವು. ಬಡ ಕಂಪೈಲರ್ ನುಂಗಲಿ ಅಂತ ಬರೆದ ಪರೀಕ್ಷೆಯನ್ನು ಹೊಸ ಕಂಪೈಲರ್ ಉಗುಳಿತು. ಸ್ಕ್ರಿಪ್ಟ್‌ಗೆ ಇದು ತಿಳಿಯುವುದು ಹೇಗೆ? ಕಂಪೈಲ್ ಆಗಲಿಲ್ಲ, ಹಾಗಾದರೆ ‘ನೋ’. ಸೌಲಭ್ಯ ಇದ್ದರೂ ಇಲ್ಲ ಅಂತ ಬರೆದುಕೊಂಡಿತು. ಎಷ್ಟೋ ಸಲ ಬಿಲ್ಡ್ ನಿಲ್ಲುವುದೂ ಇಲ್ಲ. ಒಂದು ಸೌಲಭ್ಯ ಕಮ್ಮಿ ಇಟ್ಟುಕೊಂಡು ಪ್ರೋಗ್ರಾಂ ತಯಾರಾಗುತ್ತದೆ. ಫೆಡೋರಾ, ಜೆಂಟೂ ಎಂಬ ಲಿನಕ್ಸ್ ಬಳಗದವರು ಇಂಥವನ್ನು ಪ್ಯಾಕೇಜ್ ಪ್ಯಾಕೇಜ್ ಹುಡುಕಿ ತೇಪೆ ಹಾಕಬೇಕಾಯಿತು.

ಎಕ್ಸ್‌ಝಡ್‌ನದು ಉದ್ದೇಶಪೂರ್ವಕ ದ್ರೋಹ, ಅದರ ಜಾತಿಯೇ ಬೇರೆ. ಆದರೆ ದಾರಿ ಹಳೆಯದು. ಹುಟ್ಟಿಸಿದ ಸ್ಕ್ರಿಪ್ಟ್ ಬಿಡುಗಡೆಯ ಕಟ್ಟಾದ ಟಾರ್‌ಬಾಲ್‌ನಲ್ಲಿ ಇರುತ್ತದೆ, ಸೋರ್ಸಿನ ಇತಿಹಾಸ ಇಡುವ ಗಿಟ್‌ನಂಥ ಭಂಡಾರದಲ್ಲಿ ಇರುವುದಿಲ್ಲ ಎಂಬುದು ಮೂವತ್ತು ವರ್ಷದ ಮಾಮೂಲು. ಆದ್ದರಿಂದ ಗಿಟ್‌ನಲ್ಲಿಲ್ಲದ ಕಳ್ಳ ಬಾಗಿಲಿಗೆ ದಾರಿ ಮಾಡುವ ಒಂದು ಎಂ4 ಫೈಲ್ ಎಕ್ಸ್‌ಝಡ್ 5.6.0 ಮತ್ತು 5.6.1ರ ಟಾರ್‌ಬಾಲ್‌ನಲ್ಲಿ ಕೂತಾಗ ಯಾರಿಗೂ ಕಣ್ಣು ಕುಕ್ಕಲಿಲ್ಲ. ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್‌ಗೆ ದೂರದ ಮಷೀನಿಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಅನ್ನಿಸಿ, ಬೆನ್ನು ಹತ್ತಿದ್ದರಿಂದ ಅದು ಮಾರ್ಚ್ 29ರಂದು ಬಯಲಾಯಿತು.

ಕಾನ್ಫಿಗರ್ ಬಿಸಾಕಿ, ಸಿಮೇಕ್, ಮೆಸಾನ್‌ನಂಥ ಬೇರೆ ಬಿಲ್ಡ್ ಸಾಧನಗಳಿಗೆ ಹೋಗಿ ಎಂಬ ಕೂಗು ಎದ್ದದ್ದು ಆಗ. ಕೂಗಿದವರು ಅದೇ ಪ್ಯಾಕೇಜಿನ ಸಿಮೇಕ್ ಫೈಲನ್ನೂ ನೋಡಬೇಕು. ಲ್ಯಾಂಡ್‌ಲಾಕ್ ಎಂಬ ಲಿನಕ್ಸ್ ರಕ್ಷಣೆ ಇದೆಯೇ ಎಂದು ನೋಡುವ ಪುಟ್ಟ ಪರೀಕ್ಷಾ ಪ್ರೋಗ್ರಾಂ ಅಲ್ಲಿತ್ತು. ಅದರ ಮಧ್ಯೆ ಒಂದು ಚುಕ್ಕೆ ಇಟ್ಟಿದ್ದರು. ಒಂದೇ ಒಂದು ಚುಕ್ಕೆ. ಪ್ರೋಗ್ರಾಂ ಕಂಪೈಲ್ ಆಗಲಿಲ್ಲ, ಉತ್ತರ ‘ನೋ’, ರಕ್ಷಣೆ ಬಂದ್. ಸಿಮೇಕ್ ಕೂಡ ಯಾಕೆ ಅಂತ ಕೇಳಲಿಲ್ಲ.

ಹಳೇ ಪ್ಯಾಕೇಜನ್ನು ಹೊಸ ಕಂಪೈಲರ್‌ನಲ್ಲಿ ಕಂಪೈಲ್ ಮಾಡುವವರು ಸದ್ಯಕ್ಕೆ ಹಳೇ ಸಿಯನ್ನು ಒಪ್ಪಿಕೊಳ್ಳುವ ಜಿಎನ್‌ಯು89 ಆಯ್ಕೆಯನ್ನು ಕಂಪೈಲರ್‌ಗೆ ಕೊಟ್ಟು ಒಮ್ಮೆ, ಕೊಡದೆ ಒಮ್ಮೆ ಕಾನ್ಫಿಗರ್ ಓಡಿಸಿ, ಎರಡರ ಉತ್ತರಗಳನ್ನು ಡಿಫ್ ಮಾಡಿ, ಅಂದರೆ ಸಾಲು ಸಾಲು ಹೋಲಿಸಿ, ನೋಡಬಹುದು. ವ್ಯತ್ಯಾಸ ಕಂಡ ಕಡೆ ಕಾನ್ಫಿಗ್.ಲಾಗ್ ತೆರೆಯಿರಿ. ಪ್ರತಿ ‘ನೋ’ ಹತ್ತಿರವೂ ಕಂಪೈಲರ್ ಏನೆಂದು ಬೈದಿತ್ತು ಅಂತ ಅದರಲ್ಲಿ ಪೂರ್ತಿ ಬರೆದಿರುತ್ತದೆ.